ಯಾರು ಬೇಕಾಗಿತ್ತ್ರೀ?

ಮಾಳಮಡ್ಡಿಯ ಮರಗಳಲ್ಲಿ ಕಾಗೆಗಳು ಇನ್ನೂ ಸರಿಯಾಗಿ ಎದ್ದಿಲ್ಲ. ಹುಲಿಗೆವ್ವ ಆಗಲೇ ಅಂಗಡಿಯ ಷಟರ್ ಅರ್ಧ ಎತ್ತಿ, ಬಗ್ಗಿ ಒಳಗೆ ಹೋಗಿ, ದೀಪ ಹಾಕುವ ಮೊದಲೇ ಫೋನಿನ ರಿಸೀವರ್ ಎತ್ತಿ ಕಿವಿಗೆ ಹಿಡಿದಿದ್ದಾರೆ. ಯಾರ ಕರೆಯೂ ಬಂದಿಲ್ಲ. ಲೈನು ಸತ್ತಿಲ್ಲ ತಾನೇ ಎಂದು ನೋಡುವುದು ಅವರ ದಿನದ ಮೊದಲ ಕೆಲಸ. "ಐತಿ" ಎಂದು ತಮಗೆ ತಾವೇ ಹೇಳಿಕೊಂಡು ಕೆಳಗಿಡುತ್ತಾರೆ. ಆಮೇಲೆ ದೀಪ, ಆಮೇಲೆ ಕಸಬರಿಗೆ, ಆಮೇಲೆ ಗೋಡೆಯ ಮೇಲಿನ ದೇವರಿಗೆ ಊದಿನಕಡ್ಡಿ. ದೇವರಿಗಿಂತ ಫೋನು ಮೊದಲೇ ಎಂದು ಕೇಳಿದರೆ ನಗುತ್ತಾರೆ. "ದೇವ್ರು ಎಲ್ಲಿ ಹೋಗ್ತಾನ್ರಿ? ಲೈನ್ ಹೋಗ್ತೈತಿ."

ಕಸ ಗುಡಿಸಿ ಮುಗಿಯುವಷ್ಟರಲ್ಲಿ ಮೊದಲ ಗಂಟೆ ಬಾರಿಸುತ್ತದೆ. ಹಳ್ಳಿಯ ಹೊಲಗಳಿಗೆ ಪಂಪಿನ ಕರೆಂಟು ಬರುವುದು ಹೊತ್ತಲ್ಲದ ಹೊತ್ತಿನಲ್ಲಿ, ಮೋಟಾರು ಸುಡುವುದೂ ಆಗಲೇ. ಹೀಗಾಗಿ ಧಾರವಾಡದ ಈ ಗುರುಶಾಂತ ಪಂಪ್ ಸರ್ವೀಸಿಗೆ ಬೆಳಗಾಗುವ ಮೊದಲೇ ಗಿರಾಕಿಗಳು. ಹುಲಿಗೆವ್ವ ಸೆರಗಿಗೆ ಕೈ ಒರೆಸಿಕೊಂಡು ರಿಸೀವರ್ ಎತ್ತುತ್ತಾರೆ. "ಗುರುಶಾಂತ ಪಂಪ್ ಸರ್ವೀಸ್ ರೀ. ಯಾರು ಬೇಕಾಗಿತ್ತ್ರೀ?" ಕೊನೆಯ 'ರೀ'ಯನ್ನು ಅವರು ಚೂರು ಎಳೆಯುತ್ತಾರೆ. ಮೋಟಾರು ಸುಟ್ಟುಕೊಂಡು ಸಿಟ್ಟಿನಲ್ಲಿ ಫೋನು ಮಾಡಿದವರು ಆ ಎಳೆತಕ್ಕೆ ಅರ್ಧ ತಣ್ಣಗಾಗುತ್ತಾರೆ.

ನನಗೆ ಅವರ ಪರಿಚಯವಾದದ್ದೂ ಹೀಗೆಯೇ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಬೋರ್‌ವೆಲ್ ಕೈಕೊಟ್ಟಿತ್ತು. ಫೋನು ಹಚ್ಚಿ, ನನ್ನ ಹೆಸರು, ವಿಳಾಸ, ಪತ್ರಿಕೆಯಲ್ಲಿ ಬರೆಯುವವನೆಂಬ ದೊಡ್ಡಸ್ತಿಕೆ ಎಲ್ಲವನ್ನೂ ಒಪ್ಪಿಸುತ್ತಿದ್ದೆ. ಆ ಕಡೆಯ ದನಿ ಎಲ್ಲ ಕೇಳಿಸಿಕೊಂಡು ಹೇಳಿತು, "ಆತ್ರಿ ಸಾಹೇಬ್ರ. ನಿಮ್ಮ ಹಿಂದ ಕುಕ್ಕರ್ ಬಾಳ ಹೊತ್ತಾತು ಸೀಟಿ ಹೊಡ್ಯಾಕತ್ತೈತಿ. ಮೊದ್ಲ ಅದನ್ನ ಇಳಿಸಿ ಬರ್ರಿ, ನಾ ಹಿಡ್ಕೊಂಡಿರ್ತೀನಿ." ಬೇಳೆ ಉಳಿಯಿತು. ಈ ಕಿವಿಯ ಒಡತಿಯನ್ನು ಒಮ್ಮೆ ನೋಡಬೇಕೆಂದು ಆವತ್ತೇ ಅಂದುಕೊಂಡೆ.

ಹುಲಿಗೆವ್ವ ಹುಟ್ಟಿದ್ದು ಉಪ್ಪಿನಬೆಟಗೇರಿಯಲ್ಲಿ. ಹತ್ತನೆಯ ಇಯತ್ತೆ ಮುಗಿಸಿದ ಮೇಲೆ ಮದುವೆ, ಆಮೇಲೆ ಧಾರವಾಡ. ಗಂಡ ಶಿದ್ದಪ್ಪ ಇದೇ ಕಂಪನಿಯ ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುತ್ತಾರೆ. ಹುಲಿಗೆವ್ವ ಇಲ್ಲಿಗೆ ಬಂದದ್ದು ಕಸ ಗುಡಿಸಲು. ಒಂದು ದಿನ ಫೋನಿಗೆ ಕೂರುವವರು ಬರಲಿಲ್ಲ. ಆಗಿನ ಮಾಲೀಕ ಶಾಂತಯ್ಯನವರು, "ಏ ಹುಲಿಗೆವ್ವಾ, ಅದೊಂದೀಟು ಎತ್ತಬೇ" ಎಂದರು. ಎತ್ತಿದರು. ಆ ಕಡೆಯವರು ಶಾಂತಯ್ಯ ಬೇಕು ಎಂದಾಗ ಹುಲಿಗೆವ್ವ ಬಹಳ ಮರ್ಯಾದೆಯಿಂದ, "ಕುಂದರ್ರಿ, ಕರೀತೀನಿ" ಎಂದು ಬಿಟ್ಟರು. ಅಂಗಡಿ ತುಂಬ ನಗು. ಆ ಕಡೆಯವರು ಮಾತ್ರ ನಗಲಿಲ್ಲವಂತೆ. ಇಂಥ ಹೆಣ್ಣುಮಗಳನ್ನು ಫೋನು ಬಿಟ್ಟು ಏಳಿಸಬೇಡಿ ಎಂದು ಅವರೇ ಶಾಂತಯ್ಯನವರಿಗೆ ಹೇಳಿದರಂತೆ. ಅಂದು ಕೂತವರು ಇಂದಿಗೂ ಎದ್ದಿಲ್ಲ. ಕಸ ಗುಡಿಸುವುದನ್ನೂ ಬಿಟ್ಟಿಲ್ಲ.

ಹಂಗಾಮಿನಲ್ಲಿ ದಿನಕ್ಕೆ ಇನ್ನೂರರ ಹತ್ತಿರ ಕರೆ. ಸಂಜೆಗೆ ಕಿವಿ ಕೆಂಪಾಗಿರುತ್ತದೆ, ಗಂಟಲು ಕಟ್ಟಿರುತ್ತದೆ. ಮನೆಗೆ ಹೋದರೆ ಮಾತಿಗೆ ಪೂರ್ತಿ ರಜೆ. "ನಮ್ಮನಿಯವ್ರಿಗೆ ಮೋಟಾರ್ ಸಪ್ಪಳಕ್ಕ ಒಂದ್ ಕಿವಿ ಪೂರಾ ಹೋಗೇತ್ರಿ, ಇನ್ನೊಂದು ಹೊಂಟೈತಿ. ಮನ್ಯಾಗ ನಾ ಮಾತಾಡೂದಕ್ಕಿಂತ ಕೈಸನ್ನಿ ಮಾಡೂದ ಹೆಚ್ಚು" ಎನ್ನುತ್ತಾರೆ. ಹೇಳುವಾಗ ಮುಖದಲ್ಲಿ ದೂರಿಲ್ಲ. ಶಿದ್ದಪ್ಪನವರು ದಿನವೂ ಹುಬ್ಬಳ್ಳಿಯಿಂದ ಬರುವಾಗ ಅವರಿಗೆಂದು ಗಂಟಲಿಗೆ ಜೇಷ್ಠಮಧು ತರುತ್ತಾರೆ ಎಂಬುದನ್ನೂ ಸೇರಿಸುತ್ತಾರೆ.

ಉಪ್ಪಿನಬೆಟಗೇರಿ ಧಾರವಾಡಕ್ಕೆ ದೂರವೇನಲ್ಲ. ಬಸ್ಸಿನಲ್ಲಿ ಕೂತು ಒಂದು ಸಣ್ಣ ನಿದ್ದೆ ತೆಗೆಯುವಷ್ಟರಲ್ಲಿ ಊರು ಬರುತ್ತದೆ. ಹುಲಿಗೆವ್ವನಿಗೆ ಮಾತ್ರ ಅದು ಬಹಳ ದೂರ. ತಂದೆ ತಾಯಿ ಹೋದರು. ಅಣ್ಣತಮ್ಮಂದಿರು ಬೇರೆಯಾಗಿ, ಮನೆ ಮಾರಿ, ಹೆಂಡತಿಯರ ಊರುಗಳಿಗೆ ಹೋಗಿ ನೆಲೆಸಿದರು. ನಾಗರ ಪಂಚಮಿಗೆ ತವರಿಗೆ ಕರೆಯಲು ಬರುವವರಿಲ್ಲ. ಕರೆಯದೆ ಹೋಗೋಣವೆಂದರೆ, ಹೋಗುವುದು ಯಾರ ಮನೆಗೆ?

ಎರಡು ವರ್ಷದ ಕೆಳಗೆ ಗೆಳತಿಯೊಬ್ಬಳ ಮಗಳ ಮದುವೆಯ ನೆಪದಲ್ಲಿ ಹೋಗಿದ್ದರಂತೆ. ಊಟ ಮುಗಿದ ಮೇಲೆ ಕಾಲುಗಳು ತಾವಾಗಿಯೇ ಹಳೆಯ ಓಣಿಗೆ ತಿರುಗಿದವು. ಹಿಟ್ಟಿನ ಗಿರಣಿ ದಾಟಿ, ಮನೆಯ ಮುಂದೆ ಹೋಗಿ ನಿಂತರು. ಕಟ್ಟೆಯ ಮೇಲೆ ಪಾತ್ರೆ ತಿಕ್ಕುತ್ತಿದ್ದ ಒಬ್ಬ ಹುಡುಗಿ ತಲೆಯೆತ್ತಿ ನೋಡಿದಳು. "ಯಾರು ಬೇಕಾಗಿತ್ತ್ರೀ?" ಎಂದಳು.

"ದಿನಾ ನಾ ಕೇಳೂ ಮಾತ್ರಿ ಅದು. ಎಷ್ಟ್ ಮಂದಿಗೆ ಕೇಳೇನೋ ಏನೋ. ಅವತ್ತ ನನಗ ಬಂದು ಬಿತ್ತು" ಎನ್ನುತ್ತಾರೆ ಹುಲಿಗೆವ್ವ. "ಏನ್ ಹೇಳ್ಲಿ? ಅವ್ವ ಬೇಕಾಗಿತ್ತು ಅನ್ಲೇನು? ಯಾರೂ ಇಲ್ರಿ ಅಂದೆ. ನೀರು ಕುಡೀತೀರೇನ್ರಿ ಅಂತ ಕೇಳಿದ್ಲು ಪಾಪ, ಛಲೋ ಹುಡಿಗಿ. ಬ್ಯಾಡವಾ ಅಂದು ಬಂದ್ಬಿಟ್ಟೆ. ಆಮ್ಯಾಲ ಹೋಗಿಲ್ಲ." ಇಷ್ಟು ಹೇಳಿ, ಬಂದ ಕರೆಯೊಂದನ್ನು ಎತ್ತಿಕೊಂಡು, ಅದೇ ಮಾತನ್ನು ಅದೇ ಎಳೆತದಲ್ಲಿ ಕೇಳುತ್ತಾರೆ. ನನಗೆ ಆ ಮಾತು ಮೊದಲಿನಂತೆ ಕೇಳಿಸುವುದಿಲ್ಲ.

ಆದರೆ ಊರು ಅವರನ್ನು ಪೂರ್ತಿ ಬಿಟ್ಟಿರಲಿಲ್ಲ. ಗುರುಶಾಂತದವರದೊಂದು ಸಣ್ಣ ಶಾಖೆ ಉಪ್ಪಿನಬೆಟಗೇರಿಯಲ್ಲಿದೆ. ಸ್ಟಾರ್ಟರು, ಕೆಪಾಸಿಟರು, ಹಗ್ಗ, ಪೈಪು ಮಾರುವ ಒಂದೇ ಕೋಣೆ. ಅದು ಇರುವುದು ಹುಲಿಗೆವ್ವನ ಹಳೆಯ ಓಣಿಯಲ್ಲಿ, ಅದೇ ಗಿರಣಿಯ ಗೋಡೆಗೆ ಅಂಟಿಕೊಂಡು. ಅಲ್ಲಿ ಕೂರುವವರು ಬಾಳವ್ವ, ಸವದತ್ತಿ ಕಡೆಯಿಂದ ಆ ಊರಿಗೆ ಸೊಸೆಯಾಗಿ ಬಂದವರು. "ನಾ ಬಿಟ್ಟ ಊರಿಗೆ ಅವ್ರು ಬಂದಾರ" ಎಂದು ಹುಲಿಗೆವ್ವ ಹೇಳುವಾಗ ದನಿಯಲ್ಲಿ ಒಂದು ಎಳೆ ಹೊಟ್ಟೆಕಿಚ್ಚಿದೆ. ಅದನ್ನು ಅವರೂ ಮುಚ್ಚಿಡುವುದಿಲ್ಲ.

ದಿನವೂ ಬೆಳಿಗ್ಗೆ ಬಾಳವ್ವನ ಕರೆ ಬರುತ್ತಿತ್ತು. ನಿನ್ನೆ ಏನು ಹೋಯಿತು, ಇಂದು ಏನು ಕಳಿಸಬೇಕು, ಇಷ್ಟೇ ಮಾತು. ಹುಲಿಗೆವ್ವ ಬರೆದುಕೊಳ್ಳುತ್ತಿದ್ದುದು ಬಾಳವ್ವನ ಮಾತನ್ನು. ಕೇಳುತ್ತಿದ್ದುದು ಅದರ ಹಿಂದಿನದನ್ನು. ಗಿರಣಿ ತಿರುಗುವ ಸಪ್ಪಳ. ಸರದಿಗೆ ಜಗಳಾಡುವ ಹೆಂಗಸರು. ತಿರುವಿನಲ್ಲಿ ಬಸ್ಸಿನ ಹಾರ್ನು. "ಗಿರಣಿ ಬೆಲ್ಟ್ ಐತಲ್ರಿ, ಆ ಪಟ್ಟಾ ಕೂಡಿಸಿದಲ್ಲೆ ಒಂದ್ ಗಂಟಿರ್ತೈತ್ರಿ. ಅದು ತಿರುಗಿ ಬಂದಾಗೊಮ್ಮಿ ಟಪ್ ಅಂತೈತಿ. ನಾ ಸಣ್ಣಾಕಿದ್ದಾಗ ಜ್ವಾಳದ ಪುಟ್ಟಿ ಹೊತ್ಕೊಂಡು ಹೋಗಿ ಅದನ್ನ ನೋಡ್ಕೋಂತ ನಿಲ್ತಿದ್ದೆ. ಪಟ್ಟಾ ಎಷ್ಟ್ ಸಲ ಬದಲಿ ಮಾಡ್ಯಾರೋ, ಟಪ್ ಅನ್ನೂದು ಮಾತ್ರ ಹಂಗ ಐತಿ." ಬಾಳವ್ವನಿಗೆ ಇದು ಗೊತ್ತೇ ಇರಲಿಲ್ಲ. ಹುಲಿಗೆವ್ವಾರು ಒಂದೊಂದು ಐಟಂ ಎರಡೆರಡು ಸಲ ಯಾಕೆ ಕೇಳುತ್ತಾರೆ ಎಂದು ಅವರಿಗೆ ಸೋಜಿಗವಾಗುತ್ತಿತ್ತಂತೆ.

ಹೋದ ಮಳೆಗಾಲದಲ್ಲಿ ಆ ಕಡೆ ನೀರಿನ ಪೈಪಿಗೆಂದು ರಸ್ತೆ ಅಗೆದರು. ಶಾಖೆಯ ಫೋನಿನ ತಂತಿ ತುಂಡಾಯಿತು. ಈ ಕಾಲದಲ್ಲಿ ಅದನ್ನು ಮತ್ತೆ ಎಳೆಸುವ ಉಸಾಬರಿಗೆ ಯಾರೂ ಹೋಗಲಿಲ್ಲ. ಬಾಳವ್ವ ಈಗ ಬೇಕಾದ್ದನ್ನೆಲ್ಲ ಮೊಬೈಲಿನಲ್ಲಿ ಬರೆದು ಕಳಿಸುತ್ತಾರೆ. ಕೆಲಸ ಎಲ್ಲೂ ನಿಂತಿಲ್ಲ. ಬೆಳಗಿನ ಕರೆ ಮಾತ್ರ ನಿಂತಿದೆ. ಮೊಬೈಲಿಗೇ ಮಾಡಬಹುದಲ್ಲ ಎಂದು ನಾನೂ ಜಾಣನಂತೆ ಕೇಳಿದೆ. "ಮಾಡಿ ನೋಡಿನ್ರಿ. ಆ ಮೊಬೈಲು ಹಿಂದಿನ ಸಪ್ಪಳೆಲ್ಲಾ ನುಂಗ್ತೈತಿ. ಮ್ಯಾಲ, ಬರದು ಕಳ್ಸಿದ್ದನ್ನ ಮತ್ತ ಫೋನ್ ಮಾಡಿ ಕೇಳಾಕ ಏನ್ ಕಾರಣ ಹೇಳ್ಲಿ? ಅವ್ರಿಗೂ ಮನಿ ಮಾರ ಐತಿ." ನೆನಪಾದಾಗಲೆಲ್ಲ ಮಾಡುವ ಸಲುಗೆ ಅವರಿಬ್ಬರ ನಡುವೆ ಇಲ್ಲ. ಇದ್ದದ್ದು ಕೆಲಸದ ಸಲುಗೆ, ಅದು ತಂತಿಯ ಜೊತೆ ಹೋಯಿತು.

ಇಂಥ ಹೊತ್ತಿನಲ್ಲಿ ಅಂಗಡಿಗೆ ಇಂಟರ್ನೆಟ್ ಫೋನಿನ ಮಾತು ಬಂದಿದೆ. ಶಾಂತಯ್ಯನವರ ನಂತರ ವ್ಯವಹಾರ ನೋಡುತ್ತಿರುವವರು ಮಗಳು ಶಾಂಭವಿ. ಮಾಳಮಡ್ಡಿಯ ಹಳೆಯ ಲೈನೂ ಮಳೆ ಬಂದರೆ ಮುನಿಸಿಕೊಳ್ಳುತ್ತದೆ, ಹಾಗಾಗಿ ತಾಮ್ರದ ತಂತಿಯ ಸಹವಾಸವೇ ಸಾಕೆಂದು ತೀರ್ಮಾನಿಸಿದ್ದಾರೆ. ಮೇಜಿನ ಮೇಲಿಡುವ ಮೂರು ಇಂಟರ್ನೆಟ್ ಫೋನು: ಹುಲಿಗೆವ್ವನಿಗೊಂದು, ತಮಗೊಂದು, ಹುಬ್ಬಳ್ಳಿಯ ವರ್ಕ್‌ಶಾಪಿಗೊಂದು. "ದಿನಾ ಹಿಡಿಯೂ ಕೈ ನಿಮ್ದು. ನೀವ ಆರಿಸ್ರಿ" ಎಂದು ಆಯ್ಕೆಯನ್ನು ಹುಲಿಗೆವ್ವನಿಗೇ ಬಿಟ್ಟಿದ್ದಾರೆ. ಉಪ್ಪಿನಬೆಟಗೇರಿಯ ಹೆಸರು ಆ ಲೆಕ್ಕದಲ್ಲಿ ಇಲ್ಲ. ಒಂದು ಕೋಣೆಯ ಶಾಖೆಗೆ ಯಾಕೆಂದು ಶಾಂಭವಿ ಕೇಳಿದರೆ ಅದು ತಪ್ಪೂ ಅಲ್ಲ.

ಫೋನು ಮಾರುವ ಗೌತಮ ಹುಬ್ಬಳ್ಳಿಯ ಹುಡುಗ, ನಗುಮುಖದವನು. ಮೊದಲು ಅವನು ತೋರಿಸಿದ್ದು ಕರೆಗಳನ್ನು ತಾನೇ ಎತ್ತಿಕೊಳ್ಳುವ ಯಂತ್ರದ ದನಿಯನ್ನು. ಹುಲಿಗೆವ್ವನ ಜಾಗಕ್ಕೇ ಬಂದ ಯಂತ್ರ ಅದು, ಪರೀಕ್ಷೆಗೆಂದು ಒಂದು ವಾರದ ಮಟ್ಟಿಗೆ ಹಚ್ಚಿದ್ದರು. 'ಮಾರಾಟಕ್ಕೆ ಒಂದು ಒತ್ತಿ, ರಿಪೇರಿಗೆ ಎರಡು ಒತ್ತಿ' ಎಂದು ಯಾವುದೋ ಹೆಣ್ಣುದನಿ ಹೇಳುತ್ತಿತ್ತು. ಮೂರನೆಯ ದಿನ ಹೆಬ್ಬಳ್ಳಿ ಕಡೆಯ ಹಿರಿಯರೊಬ್ಬರು ರುಮಾಲು ಸರಿಮಾಡಿಕೊಳ್ಳುತ್ತ ಅಂಗಡಿಗೇ ಬಂದರು. "ನಿಮ್ಮ ಫೋನಿನ್ಯಾಗ ಯಾವಕಿನೋ ಕುಂತು ಒತ್ತಿ ಒತ್ತಿ ಅನ್ನಾಕತ್ತಾಳಲ್ರಿ. ಒಂದ್ ಮೋಟಾರ್ ಸುಟ್ಟಿದ್ದಕ್ಕ ನಾ ಯಾಕ ಹೊಲಾ ಒತ್ತಿ ಹಾಕ್ಲಿ?" ಎಂದರು. ನಮ್ಮ ಕಡೆ ಗುಂಡಿಯನ್ನು 'ಒತ್ತ್ರಿ' ಎನ್ನುತ್ತಾರೆ, 'ಒತ್ತಿ' ಹಾಕುವುದು, ಎಂದರೆ ಅಡವಿಡುವುದು, ಹೊಲ ಮನೆಗಳನ್ನು. 'ರಿ' ಇಲ್ಲದ ಮಾತು ಮರ್ಯಾದೆಯನ್ನಷ್ಟೇ ಅಲ್ಲ, ಅರ್ಥವನ್ನೂ ಕೆಡಿಸಿತ್ತು. ಶಾಂಭವಿ ಹೊಟ್ಟೆ ಹಿಡಿದುಕೊಂಡು ನಕ್ಕು, ಆ ದನಿಯನ್ನು ಅವತ್ತೇ ತೆಗೆಸಿದರು.

ಆಮೇಲೆ ಮೂರು ನಮೂನೆಯ ಫೋನುಗಳು ಮೇಜಿನ ಮೇಲೆ ಬಂದವು. ಒಂದು ತಲೆಗೆ ಸಿಕ್ಕಿಸಿಕೊಳ್ಳುವಂಥದು. ಅದನ್ನು ಹಾಕಿಕೊಂಡು ಅರ್ಧ ತಾಸು ಕೂತ ಹುಲಿಗೆವ್ವ, "ಇದರಾಗ ಮಾತು ಮುಗದ್ರೂ ಇಟ್ಟಂಗ ಅನ್ಸೂದಿಲ್ರಿ" ಎಂದು ತೆಗೆದಿಟ್ಟರು. 'ಇಡ್ಲೇನ್ರಿ?' ಎಂದು ಕೇಳಿ, ಆ ಕಡೆಯವರು 'ಹೂಂ, ಇಡ್ರಿ' ಎಂದ ಮೇಲೆಯೇ ಇಡುವ ಮನುಷ್ಯರು ನಾವು. ಇಡುವುದಕ್ಕೆ ಕೈಯಲ್ಲಿ ಏನಾದರೂ ಇರಬೇಕಲ್ಲ. ಎರಡನೆಯದಕ್ಕೆ ದೊಡ್ಡ ಬಣ್ಣದ ಪರದೆ, ಮೇಲೆ ಒಂದು ಕ್ಯಾಮೆರಾ ಕಣ್ಣು. ಅದು ಬಾರಿಸಿದಾಗಲೆಲ್ಲ ಹುಲಿಗೆವ್ವ ಸೆರಗು ಸರಿಮಾಡಿಕೊಂಡು ಎತ್ತುತ್ತಿದ್ದರಂತೆ. ಮೂರನೆಯದು ಸಾದಾ ಕಪ್ಪು ಫೋನು, ಬೆರಳಗಲದ ಪರದೆ, ಅದರಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಂಕಿ.

ಮನಸ್ಸು ಕೂತದ್ದು ಬಣ್ಣದ ಪರದೆಯ ಮೇಲೆ. ಕರೆ ಮಾಡಿದವರ ಹೆಸರು ಅದರಲ್ಲಿ ಅಗಲವಾಗಿ ಕನ್ನಡದಲ್ಲೇ ಮೂಡುತ್ತದೆ, ಹುಲಿಗೆವ್ವನಿಗೆ ಈಚೆಗೆ ಚಷ್ಮಾ ಇಲ್ಲದೆ ಅಕ್ಷರ ಹತ್ತುವುದಿಲ್ಲ. ಅವರು ಕೇಳಿದ ಪ್ರಶ್ನೆಗಳು ಮಾತ್ರ ಬೇರೆ. ಕರೆಂಟು ಹೋದರೆ? ಹಳೆಯ ಫೋನು ಕತ್ತಲಲ್ಲೂ ಬಾರಿಸುತ್ತಿತ್ತು, ಇದು ಇಂಟರ್ನೆಟ್ ಡಬ್ಬಿಯ ಜೊತೆಗೇ ಸಾಯುತ್ತದೆ. ಹಾಗಾಗಿ ಡಬ್ಬಿಗೊಂದು ಬ್ಯಾಟರಿ ಬೇಕೇ ಬೇಕು ಎಂದು ಗೌತಮ ಒಪ್ಪಿಕೊಂಡ. ನಂಬರು ಬದಲಾಗುತ್ತದೆಯೇ? ಇಲ್ಲ, ಹಳೆಯದನ್ನೇ ಹೊಸದಕ್ಕೆ ತರಬಹುದು. ಹುಲಿಗೆವ್ವ ಅಲ್ಲಿಗೆ ಉಸಿರು ಬಿಟ್ಟರು. ಎಷ್ಟೋ ಊರುಗಳ ಪಂಪಿನ ಮನೆಗಳ ಗೋಡೆಯ ಮೇಲೆ ಆ ನಂಬರು ಸುಣ್ಣದಲ್ಲಿ ಬರೆದಿದೆ.

ಕೊನೆಗೆ ಗೌತಮ ಒಂದು ಮಾತು ಆಡಿದ. ಈ ಫೋನುಗಳಿಗೆ ಊರಿನ ಹಂಗಿಲ್ಲ, ಇಂಟರ್ನೆಟ್ ಇದ್ದಲ್ಲಿ ಎಲ್ಲಿಟ್ಟರೂ ಪಕ್ಕದ ಮೇಜಿನಲ್ಲಿಟ್ಟಂತೆಯೇ. ಹುಲಿಗೆವ್ವ ತಲೆಯೆತ್ತಿದರು. "ಉಪ್ಪಿನಬೆಟಗೇರ್ಯಾಗ ಇಟ್ರೂನೇನ್ರಿ?" ಎಂದು ಕೇಳಿದರು. ಇಡಬಹುದು ಎಂದ ಗೌತಮ, ಮರುದಿನ ಆ ಕಡೆ ಬೇರೆ ಕೆಲಸವಿತ್ತೆಂದು ತೋರಿಸುವ ಫೋನೊಂದನ್ನು ಚೀಲದಲ್ಲಿ ಒಯ್ದು, ಬಾಳವ್ವನ ಶಾಖೆಯಲ್ಲಿ ತನ್ನ ಮೊಬೈಲಿನ ಇಂಟರ್ನೆಟ್ಟಿಗೆ ಹಚ್ಚಿದ. ಇಲ್ಲಿ ಮೇಜಿನ ಮುಂದೆ ಹುಲಿಗೆವ್ವ, ಪಕ್ಕದಲ್ಲಿ ಶಾಂಭವಿ.

ಕರೆ ಬಂತು. ಬಾಳವ್ವನ ದನಿ ಎದುರಿಗೇ ಕೂತು ಮಾತಾಡಿದಷ್ಟು ಸ್ವಚ್ಛ. "ಆರಾಮದೀರೇನ್ರಿ ಹುಲಿಗೆವ್ವಾರ?" ಹುಲಿಗೆವ್ವ ರಿಸೀವರನ್ನು ಕಿವಿಗೆ ಒತ್ತಿ ಹಿಡಿದರು, ಇನ್ನೊಂದು ಕಿವಿಗೆ ಬದಲಾಯಿಸಿದರು. ಆಮೇಲೆ ಆ ಕಡೆಯಿದ್ದ ಗೌತಮನಿಗೆ ಹೇಳಿದರು, "ಪೂರಾ ಲೈನ್ ಹತ್ತಿಲ್ಲ ನೋಡ್ರಿ." ದನಿ ಬರುತ್ತಿಲ್ಲವೇ ಎಂದು ಅವನು ಗಾಬರಿಯಾದ. "ಬಾಳವ್ವಾರ ದನಿ ಬಂತ್ರಿ. ಊರು ಬರ್ಲಿಲ್ಲ."

ಗೌತಮನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಹಿಂದಿನ ಗದ್ದಲವನ್ನೆಲ್ಲ ಅಳಿಸಿಹಾಕುವುದೇ ಈ ಫೋನಿನ ದೊಡ್ಡ ಗುಣವೆಂದು ಅವನು ಊರೂರಿಗೆ ಹೇಳಿಕೊಂಡು ಬಂದವನು. ಅದನ್ನು ತೆಗೆಯಿರಿ ಎಂದು ಕೇಳಿದವರು ಇವರೇ ಮೊದಲು. ಏನೋ ಒತ್ತಿ, ಏನೋ ತಿರುವಿ, ಬಂದ್ ಮಾಡಿದ. ಬಾಳವ್ವ ಆ ಕಡೆ "ಕೇಳಾಕತ್ತೈತೇನ್ರಿ?" ಎಂದು ಕೇಳುತ್ತಲೇ ಇದ್ದರು. ಹುಲಿಗೆವ್ವನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಶಾಂಭವಿ ರಿಸೀವರ್ ಇಸಿದುಕೊಂಡು ತಾವೂ ಕಿವಿಗೆ ಹಿಡಿದರು. "ನನಗ ಬರೇ ಗಿರಣಿ ಸಪ್ಪಳ ಕೇಳ್ತ್ರಿ. ಇಷ್ಟ್ ವರ್ಷ ಇವ್ರು ಇದನ್ನ ಕೇಳ್ಕೋಂತ ಕುಂತಿದ್ರು ಅಂತ ಯಾರಿಗೆ ಗೊತ್ತಿತ್ತು" ಎಂದು ಶಾಂಭವಿ ನನ್ನ ಮುಂದೆ ಹೇಳುತ್ತಾರೆ.

ಹಾಗೆಂದು ನಾಲ್ಕನೆಯ ಫೋನು ತಾನಾಗಿ ಬರಲಿಲ್ಲ. ಸಣ್ಣ ಅಂಗಡಿ, ಮೂರಕ್ಕೆ ಮನಸ್ಸು ಮಾಡಿದ್ದೇ ದೊಡ್ಡದು. ನೋಡೋಣ ಎಂದರು ಶಾಂಭವಿ. ಆ ನೋಡೋಣದಲ್ಲಿ ಕೆಲವು ದಿನ ಕಳೆದವು. ಇಷ್ಟು ವರ್ಷದಲ್ಲಿ ತನಗೆಂದು ಏನನ್ನೂ ಕೇಳದ ಹುಲಿಗೆವ್ವ ಒಂದು ಬೆಳಿಗ್ಗೆ ಮಾಲೀಕರ ಮೇಜಿನ ಮುಂದೆ ಹೋಗಿ ನಿಂತರು. "ನನಗ ಆ ಬಣ್ಣದ್ದು ಬ್ಯಾಡ್ರಿ. ಅದರ ರೊಕ್ಕದಾಗ ಸಾದಾವ ಎರಡ್ ಬರ್ತಾವ, ಅವನ್ನ ತರ್ಸ್ರಿ. ಒಂದು ನನಗ, ಒಂದು ಬಾಳವ್ವಾರಿಗೆ." ಕಣ್ಣಿಗೆ ಹೇಗೆ ಮಾಡುತ್ತೀರಿ ಎಂದು ಶಾಂಭವಿ ಕೇಳಿದರು. "ಕಣ್ಣಿಂದೇನ್ ಐತ್ರಿ. ಕಿವಿ ಗಟ್ಟಿ ಅದಾವಲ್ಲ."

ನಾನು ಎರಡನೆಯ ಸಲ ಹೋದಾಗ ಹಳೆಯ ಫೋನು ಮೂಲೆಯ ಶೆಲ್ಫಿಗೆ ಸೇರಿದೆ. ಮೇಜಿನ ಮೇಲೆ ಸಾದಾ ಕಪ್ಪು ಫೋನು, ಅದಕ್ಕೆ ಆಗಲೇ ಕುಂಕುಮ ಹಚ್ಚಿದ್ದಾರೆ. ಗೌತಮ ಉಪ್ಪಿನಬೆಟಗೇರಿಯಲ್ಲೊಂದು ಕೂಡಿಸಿ, ಅಲ್ಲೂ ಗದ್ದಲ ಅಳಿಸುವ ಗುಣವನ್ನು ಮರೆಯದೆ ಬಂದ್ ಮಾಡಿ, ಹಿಂದಿನ ಸಂಜೆಯೇ ಬಂದಿದ್ದಾನೆ. ಈಗ ಇಲ್ಲಿಯದನ್ನು ಪರೀಕ್ಷಿಸುತ್ತಿದ್ದಾನೆ.

ಕೆಲಸ ಮುಗಿಯುವತನಕ ಮಾತಾಡುತ್ತ ಕೂತಿರುತ್ತೇವೆ. ಮುಂದೆ ಏನು ಆಸೆ ಇದೆ ಎಂದು, ನಮ್ಮಂಥ ಬರೆಯುವವರು ಕೇಳಲೇಬೇಕಾದ ಪ್ರಶ್ನೆಯನ್ನು ಕೇಳುತ್ತೇನೆ. "ಊರಿಗೆ ಹೋಗೂ ಆಸೆ ಈಗಿಲ್ರಿ" ಎನ್ನುತ್ತಾರೆ. ಮತ್ತೆ ತಾವೇ, "ಸುಳ್ಳ್ಯಾಕ ಹೇಳ್ಲಿ, ಐತಿ. ಆದ್ರ ಹೋಗಿ ನಿಂತ್ರ ಮತ್ತ ಯಾರು ಬೇಕಾಗಿತ್ತು ಅಂತಾರ. ಇಲ್ಲಿ ಕುಂತ್ರ ನಾ ಕೇಳಾಕಿ, ಅವ್ರು ಹೇಳಾವ್ರು. ಇದ ಛಲೋ."

ಅಷ್ಟರಲ್ಲಿ ಫೋನು ಬಾರಿಸುತ್ತದೆ. ಗೌತಮ ಪರೀಕ್ಷೆಗೆಂದು ಸ್ಪೀಕರ್ ಹಚ್ಚುತ್ತಾನೆ. ಬೆರಳಗಲದ ಪರದೆಯಲ್ಲಿ ಒಂದು ಸಣ್ಣ ಅಂಕಿ ಮಿನುಗುತ್ತಿದೆ. ಹುಲಿಗೆವ್ವ ಕಣ್ಣು ಕಿರಿದು ಮಾಡಿ ನೋಡುತ್ತಾರೆ, ಚಷ್ಮಾ ಸಿಗುವುದಿಲ್ಲ. ಯಾರೋ ಗಿರಾಕಿಯ ಕರೆ ಎಂದುಕೊಂಡು ರೂಢಿಯಂತೆ ಹೇಳುತ್ತಾರೆ. "ಗುರುಶಾಂತ ಪಂಪ್ ಸರ್ವೀಸ್ ರೀ. ಯಾರು ಬೇಕಾಗಿತ್ತ್ರೀ?"

"ನೀವ ಬೇಕಾಗಿತ್ತ್ರೀ, ಹುಲಿಗೆವ್ವಾರ" ಎನ್ನುತ್ತದೆ ಆ ಕಡೆಯ ದನಿ. "ನಾ ಬಾಳವ್ವ. ಊರಿಂದ ಮಾತಾಡಾಕತ್ತೇನಿ."

ಹಿಂದೆ ಎಲ್ಲೋ ಹೆಂಗಸರು ಸರದಿಗೆ ಜಗಳಾಡುತ್ತಿದ್ದಾರೆ. ಟಪ್ ಎನ್ನುತ್ತದೆ. ಸ್ವಲ್ಪ ಬಿಟ್ಟು ಮತ್ತೆ ಟಪ್. ಹುಲಿಗೆವ್ವ ನಮ್ಮ ಯಾರ ಮುಖವನ್ನೂ ನೋಡದೆ ರಿಸೀವರ್ ಎತ್ತಿ ಕಿವಿಗೆ ಹಚ್ಚಿಕೊಳ್ಳುತ್ತಾರೆ. ಅಲ್ಲಿಗೆ ಸ್ಪೀಕರ್ ನಿಲ್ಲುತ್ತದೆ, ಉಪ್ಪಿನಬೆಟಗೇರಿ ನಮಗೆ ಕೇಳಿಸುವುದಿಲ್ಲ. ಅವರು ಗೋಡೆಯ ಕಡೆ ಸ್ವಲ್ಪ ತಿರುಗಿ ಕೂಡುತ್ತಾರೆ.

"ನಿನ್ನಿ ಏನೇನ್ ಮಾರಾಟ ಆತು, ಹೇಳ್ರಿ ಬಾಳವ್ವಾರ" ಎನ್ನುತ್ತಾರೆ. "ಸಾವಕಾಶ ಹೇಳ್ರಿ."